ಚಕ್ರದ ಗೆರೆ ದಾರಿಯಾಗುವ ನಾಡಿನಲ್ಲಿ

ಗುರುವಾರ

ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಿಂದ ಅದೇ ರಾಜ್ಯದ ಮೋವಾಬ್ ಊರಿಗೆ ಸುಮಾರು 375 ಕಿಲೋಮೀಟರ್. ಭಾವ ಬೆಳಗಿನ ಜಾವಕ್ಕೇ ಎದ್ದು ಏರ್ ಕಂಪ್ರೆಸರ್, ಎಳೆಯುವ ಹಗ್ಗ, ಸಲಿಕೆ, ನೀರಿನ ಕ್ಯಾನುಗಳನ್ನೆಲ್ಲ ಜೀಪಿಗೆ ಹೇರಿ ಸಿದ್ಧರಾಗಿದ್ದರು. ಅಕ್ಕನಿಗೆ ರಜೆ ಸಿಗಲಿಲ್ಲ. ತೀರ್ಥಹಳ್ಳಿಯಿಂದ ಬಂದು ಅವರ ಮನೆಯಲ್ಲಿ ತಂಗಿದ್ದ ಅಪ್ಪನಿಗೆ ಕೆಂಪು ಬಂಡೆಗಳ ನಾಡನ್ನು ತೋರಿಸಬೇಕಿತ್ತು. ಜೊತೆಗೆ ನನಗೂ ಭಾವನಿಗೂ ಬಹಳ ಕಾಲದಿಂದ ನಡೆದುಬಂದಿದ್ದ ವಾದವೊಂದನ್ನು ಆ ಜಾಗದಲ್ಲೇ ನಿಂತು ಆಡಿ ತೀರಿಸಿಕೊಳ್ಳಬೇಕಿತ್ತು. ಕಾಪಾಡಬೇಕೆಂದು ಎತ್ತಿಟ್ಟ ಸಾರ್ವಜನಿಕ ನೆಲದ ಮೇಲೆ ಜೀಪು, ಬೈಕು, ಎಟಿವಿ ಎಂಬ ನಾಲ್ಕು ಚಕ್ರದ ಗುಡ್ಡಗಾಡು ಬಂಡಿಗಳನ್ನು ಬಿಡಬೇಕೇ, ಬೇಡವೇ? ಭಾವ ಬಿಡಬೇಕೆನ್ನುವವರು. ಬಿಡುವುದಾದರೆ ಗುರುತು ಹಾಕಿದ ದಾರಿಯಲ್ಲಿ ಮಾತ್ರ, ಅದೂ ಆ ದಾರಿ ಅಲ್ಲಿ ಇರಲೇಬೇಕೆಂದು ಸಾಬೀತಾದ ಮೇಲೆ, ಎನ್ನುವವಳು ನಾನು.

ಪ್ರೈಸ್ ಊರು ದಾಟಿದ ಮೇಲೆ ಗಂಟೆಗಟ್ಟಲೆ ಬೇಲಿಯೂ ಇಲ್ಲ, ಮನೆಯೂ ಇಲ್ಲ. "ಇಷ್ಟೊಂದು ಜಾಗ ಯಾರದ್ದು?" ಎಂದು ಅಪ್ಪ ಕೇಳಿದರು. ಯೂಟಾ ರಾಜ್ಯದ ನೆಲದಲ್ಲಿ ಸರಿಸುಮಾರು ಮೂರನೇ ಎರಡು ಪಾಲು ಕೇಂದ್ರ ಸರ್ಕಾರದ್ದು. ಅದರಲ್ಲಿ ಬಹುಪಾಲನ್ನು, ಸುಮಾರು 2.3 ಕೋಟಿ ಎಕರೆಯನ್ನು, ಬಿಎಲ್‌ಎಂ ಎಂದು ಎಲ್ಲರೂ ಕರೆಯುವ ಕೇಂದ್ರದ ಭೂ ನಿರ್ವಹಣಾ ಸಂಸ್ಥೆ ನೋಡಿಕೊಳ್ಳುತ್ತದೆ. ನ್ಯಾಷನಲ್ ಪಾರ್ಕ್‌ಗಳು ಬೇರೆ ಇಲಾಖೆಗೆ ಸೇರಿದವು. ಅವುಗಳ ನಿಯಮ ಬಿಗಿ. ಬಿಎಲ್‌ಎಂ ನೆಲದಲ್ಲಿ ದನ ಮೇಯಬಹುದು, ಗಣಿ ತೋಡಬಹುದು, ತೈಲ ತೆಗೆಯಬಹುದು, ಶಿಬಿರ ಹೂಡಬಹುದು, ವಾಹನ ಓಡಿಸಬಹುದು. ಇವೆಲ್ಲದರ ನಡುವೆ ಅದನ್ನು ಕಾಪಾಡಲೂಬೇಕು. ಎಲ್ಲ ಜಗಳದ ಮೂಲ ಇಲ್ಲಿದೆ.

ಸಂಜೆ ಕೊಲರಾಡೊ ನದಿಯ ಸೇತುವೆ ದಾಟಿ ಮೋವಾಬ್ ಸೇರಿದೆವು. 1952ರಲ್ಲಿ ಚಾರ್ಲಿ ಸ್ಟೀನ್ ಎಂಬಾತ ಇಲ್ಲಿಂದ ದಕ್ಷಿಣಕ್ಕೆ ಯುರೇನಿಯಂನ ದೊಡ್ಡ ನಿಕ್ಷೇಪ ಕಂಡುಹಿಡಿದ ಮೇಲೆ ಊರಿಗೆ ಊರೇ ಬದಲಾಯಿತು. ಅದಿರು ಹುಡುಕುವವರು ಬುಲ್ಡೋಜರ್ ಹಿಡಿದು ಕಣಿವೆ ಕಣಿವೆಗೂ ನುಗ್ಗಿದರು. ಯುರೇನಿಯಂ ವ್ಯಾಪಾರ ಕುಸಿದಾಗ ಊರನ್ನು ಉಳಿಸಿದ್ದು ಪ್ರವಾಸಿಗಳು. ಗಣಿಯವರು ಬಿಟ್ಟುಹೋದ ಆ ದಾರಿಗಳಲ್ಲೇ ಈಗ ಜೀಪುಗಳು ಓಡುವುದು.

ಶುಕ್ರವಾರ

ಊರಿನ ಪೂರ್ವಕ್ಕೆ ಸ್ಯಾಂಡ್ ಫ್ಲ್ಯಾಟ್ಸ್ ಎಂಬ ಜಾಗ. ಬಿಎಲ್‌ಎಂ ಮತ್ತು ಸ್ಥಳೀಯ ಕೌಂಟಿ, ಅಂದರೆ ಜಿಲ್ಲಾಡಳಿತ, ಸೇರಿ ಇದನ್ನು ನಡೆಸುತ್ತವೆ; ಪ್ರವೇಶಕ್ಕೆ ಶುಲ್ಕವಿದೆ. 1969ರಲ್ಲಿ ಇಲ್ಲಿನ ಬಂಡೆಯ ಮೇಲೆ ಮೋಟಾರ್ ಸೈಕಲ್‌ಗಳಿಗಾಗಿ ಗುರುತು ಹಾಕಿದ ಸ್ಲಿಕ್‌ರಾಕ್ ದಾರಿ ಇಂದು ಬೆಟ್ಟ ಹತ್ತುವ ಸೈಕಲ್ಲಿನವರಿಗೆ ಯಾತ್ರಾಸ್ಥಳ. ಜೀಪಿನವರಿಗೆ ಹೆಲ್ಸ್ ರಿವೆಂಜ್ ಎಂಬ ದಾರಿ. ಪ್ರವೇಶದ್ವಾರದ ಹತ್ತಿರವೇ ಅದು ನವಾಹೋ ಮರಳುಗಲ್ಲಿನ ಕಡಿದಾದ ಬೆನ್ನನ್ನೇರುತ್ತದೆ. ಸಾವಿರಾರು ಟೈರುಗಳು ಉಜ್ಜಿದ ರಬ್ಬರು ಕೆಂಬಂಡೆಯ ಮೇಲೆ ಎರಡು ಕಪ್ಪು ಪಟ್ಟೆಗಳಾಗಿ ಉಳಿದಿದೆ. ಅಪ್ಪನಿಗೆ ಬೆನ್ನು ನೋವು. ಅವರೂ ನಾನೂ ಕೆಳಗೆ ಉಳಿದೆವು. ಭಾವ ಟೈರಿನ ಗಾಳಿ ಇಳಿಸಿ, ಗೇರು ಬದಲಿಸಿ, ನಿಧಾನವಾಗಿ ಮೇಲೇರಿ ಮರೆಯಾದರು. ಅವರು ಓಡಿಸುವ ರೀತಿಯಲ್ಲಿ ಶಿಸ್ತಿದೆ, ಅಹಂಕಾರವಿಲ್ಲ, ಅದನ್ನು ಮೆಚ್ಚುತ್ತೇನೆ. ಮುಂದೆ ಹೋಗುವವರಿಗೆ ದಾರಿ ಬಿಡುತ್ತಾರೆ, ಬೇರೆಯವರು ಎಸೆದ ಡಬ್ಬಿಗಳನ್ನೂ ಹೆಕ್ಕಿ ತರುತ್ತಾರೆ.

ಬರೀ ಬಂಡೆಯ ಮೇಲೆ ಜೀಪು ಹೋಗುವುದಕ್ಕೆ ನನ್ನ ತಕರಾರು ಕಡಿಮೆ. ಬಂಡೆ ತಡೆದುಕೊಳ್ಳುತ್ತದೆ. ತಡೆದುಕೊಳ್ಳಲಾರದ್ದು ಬಂಡೆಗಳ ನಡುವಿನ ಮಣ್ಣು. ಪಾರ್ಕಿಂಗ್ ಜಾಗದ ಅಂಚಿನಲ್ಲೇ ಅಪ್ಪನಿಗೆ ಅದನ್ನು ತೋರಿಸಿದೆ. ಕಪ್ಪಗೆ, ಗಂಟುಗಂಟಾಗಿ, ಬೆರಳಿನ ಒಂದು ಗೆಣ್ಣಿನಷ್ಟು ಎತ್ತರಕ್ಕೆ ಎದ್ದ ಪದರ. ಮೊದಲ ನೋಟಕ್ಕೆ ಸುಟ್ಟು ಕರಕಲಾದ ನೆಲವೆನ್ನಬೇಕು. ಮೊಣಕಾಲೂರಿ ನೋಡಿದರೆ ಗಂಟುಗಳ ಮೇಲೆ ಹಳದಿ, ಬಿಳಿ, ನಸುಗಪ್ಪಿನ ಕಲ್ಲುಹೂವು, ಸಂದಿಯಲ್ಲಿ ಒಣಗಿ ಮುದುಡಿದ ಪಾಚಿ. ಅಪ್ಪ ಬಾಟಲಿಯ ಮುಚ್ಚಳದಲ್ಲಿ ಒಂದಿಷ್ಟು ನೀರು ಹನಿಸಿದರು. ನಾವು ನೋಡುತ್ತಿದ್ದಂತೆಯೇ ಪಾಚಿ ಬಿಚ್ಚಿಕೊಂಡು ಹಸಿರಾಯಿತು.

ಇದು ಜೀವಂತ ಮಣ್ಣು. ಸಯನೋಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿಗಳು ತೇವ ಸಿಕ್ಕಾಗ ಮರಳಿನ ಕಣಗಳ ನಡುವೆ ಹರಿದಾಡಿ ಅಂಟು ಎಳೆಗಳನ್ನು ಬಿಟ್ಟುಹೋಗುತ್ತವೆ. ಆ ಎಳೆಗಳು ಕಣಗಳನ್ನು ಒಂದಕ್ಕೊಂದು ಬಿಗಿಯುತ್ತವೆ. ಗಾಳಿಗೆ ಮಣ್ಣು ಹಾರದಂತೆ ಹಿಡಿಯುವುದು, ಗಾಳಿಯ ಸಾರಜನಕವನ್ನು ಗಿಡಗಳಿಗೆ ಒದಗಿಸುವುದು ಈ ಪದರವೇ. ಒಣಗಿದಾಗ ತುಳಿದರೆ ಪುಡಿಪುಡಿ. ಮತ್ತೆ ಕಟ್ಟಿಕೊಳ್ಳಲು ದಶಕಗಳು ಬೇಕು; ಕಲ್ಲುಹೂವು, ಪಾಚಿಗಳು ಮೊದಲಿನಂತಾಗಲು ಇನ್ನೂ ಹೆಚ್ಚು. ಮನುಷ್ಯನ ಪಾದವೂ ಇದನ್ನು ಕೆಡಿಸುತ್ತದೆ, ನಿಜ. ಆದರೆ ನಡೆಯುವವನು ಒಂದು ದಿನದಲ್ಲಿ ಎಷ್ಟು ದೂರ ಹೋದಾನು? ಎಟಿವಿ ಅಷ್ಟನ್ನು ಅರ್ಧ ಗಂಟೆಯಲ್ಲಿ ಮುಗಿಸುತ್ತದೆ, ಎರಡು ಸಾಲು ಬಿಡದೆ ಎಳೆಯುತ್ತಾ.

ಮಧ್ಯಾಹ್ನ ಪೂರ್ವಕ್ಕೆ ಲಾ ಸಾಲ್ ಬೆಟ್ಟಗಳ ತುದಿಯಲ್ಲಿ ಆ ಋತುವಿನ ಮೊದಲ ಹಿಮ ಕಾಣುತ್ತಿತ್ತು. ಹಿಡಿತ ಕಳೆದುಕೊಂಡ ಈ ಮಣ್ಣು ವಸಂತದ ಗಾಳಿಗೆ ಎದ್ದು ಕೊಲರಾಡೊ ರಾಜ್ಯದ ಎತ್ತರದ ಪರ್ವತಗಳ ಹಿಮದ ಮೇಲೆ ಕೂರುತ್ತದೆ. ಬಿಳುಪು ಮಾಸಿದ ಹಿಮ ಬಿಸಿಲನ್ನು ಹೆಚ್ಚು ಹೀರಿ, ವಾರಗಳಷ್ಟು ಮೊದಲೇ ಕರಗಿ ಹರಿದುಹೋಗುತ್ತದೆ. ಏಳು ರಾಜ್ಯಗಳ ಮತ್ತು ಮೆಕ್ಸಿಕೊದ ಸುಮಾರು 4 ಕೋಟಿ ಜನ ನೆಚ್ಚಿಕೊಂಡಿರುವ ಕೊಲರಾಡೊ ನದಿಯ ನೀರು ಅದು. ಧೂಳಿಗೆ ವಾಹನಗಳಷ್ಟೇ ಕಾರಣವಲ್ಲ. ತಲೆಮಾರುಗಳಿಂದ ಮೇಯುತ್ತ ಬಂದ ದನಗಳ ಪಾಲು ದೊಡ್ಡದು. ಆದರೆ ದನ ಮೇಯಿಸುವುದು ಒಬ್ಬನ ಬದುಕು. ವಾರಾಂತ್ಯದ ಖುಷಿಗೆ ಅದೇ ರಿಯಾಯಿತಿ ಕೊಡಲು ನನ್ನ ಮನಸ್ಸು ಒಪ್ಪುವುದಿಲ್ಲ.

ರಾತ್ರಿ ಎಂಟಾದರೂ ಹೋಟೆಲಿನ ಮುಂದಿನ ರಸ್ತೆಯಲ್ಲಿ ಎಟಿವಿಗಳ ಅಬ್ಬರ ನಿಂತಿರಲಿಲ್ಲ. ರಸ್ತೆಗೆ ಯೋಗ್ಯವೆಂದು ನೋಂದಾಯಿಸಿದರೆ ಅವು ಊರೊಳಗೂ ಓಡಬಹುದೆಂಬುದು ಇಲ್ಲಿನ ರಾಜ್ಯದ ಕಾನೂನು. ಊಟದ ಹೊತ್ತಿಗೆ ಭಾವ ಕೇಳಿದರು: "ನಿನ್ನ ಪಾರ್ಕು, ನಿನ್ನ ಕಾನೂನು ಎಲ್ಲ ಸರಿ. ಜನರೇ ನೋಡಲಾಗದ ನೆಲವನ್ನು ಜನ ಯಾಕೆ ಕಾಪಾಡಬೇಕು?" ಒಳ್ಳೆಯ ಪ್ರಶ್ನೆ. ಈ ದೇಶದ ಅಧ್ಯಕ್ಷರೇ ಅದಕ್ಕೊಂದು ಉತ್ತರ ಕೊಟ್ಟಿದ್ದರು. 1972ರ ಫೆಬ್ರವರಿಯಲ್ಲಿ ರಿಚರ್ಡ್ ನಿಕ್ಸನ್ ಹೊರಡಿಸಿದ 11644ನೇ ಆದೇಶ ವಾಹನಗಳನ್ನು ನಿಷೇಧಿಸಲಿಲ್ಲ. ಎಲ್ಲಿ ಬಿಡಬಹುದು, ಎಲ್ಲಿ ಕೂಡದು ಎಂದು ಇಲಾಖೆಗಳು ಗುರುತಿಸಬೇಕು, ಗುರುತಿಸುವಾಗ ಮಣ್ಣು, ನೀರು, ಗಿಡಮರಗಳಿಗೆ ಹಾನಿ, ವನ್ಯಜೀವಿಗಳಿಗೆ ಕಿರುಕುಳ, ಇತರ ಜನರೊಂದಿಗೆ ಘರ್ಷಣೆ ಇವನ್ನು ಆದಷ್ಟು ತಗ್ಗಿಸಬೇಕು ಎಂದಿತು. 1977ರಲ್ಲಿ ಜಿಮ್ಮಿ ಕಾರ್ಟರ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹಾನಿ ಗಣನೀಯವೆಂದು ಕಂಡಲ್ಲಿ ಕೂಡಲೇ ಮುಚ್ಚಿ ಎಂದರು. ನನ್ನ ವಾದ ಇವರಿಬ್ಬರು ಹೇಳಿದ್ದನ್ನು ಮೀರಿದ್ದೇನಲ್ಲ.

ಶನಿವಾರ

ಕ್ಯಾನಿಯನ್‌ಲ್ಯಾಂಡ್ಸ್ ನ್ಯಾಷನಲ್ ಪಾರ್ಕ್, 1964ರಲ್ಲಿ ಸ್ಥಾಪನೆಯಾದದ್ದು. ಐಲ್ಯಾಂಡ್ ಇನ್ ದ ಸ್ಕೈ ಎಂಬ ಎತ್ತರದ ಹಾಸಿನ ಅಂಚಿನಲ್ಲಿ ನಿಂತರೆ ಶೇಫರ್ ದಾರಿ ಕಾಲಡಿಯಲ್ಲೇ ತಿರುವು ತಿರುವಾಗಿ ಆಳಕ್ಕೆ ಇಳಿಯುವುದು ಕಾಣುತ್ತದೆ. ಮೊದಲು ಇದು ಇಲ್ಲಿನ ಮೂಲನಿವಾಸಿಗಳ ಕಾಲುದಾರಿ. ಆಮೇಲೆ ಶೇಫರ್ ಮನೆತನದವರು ದನ ಹೊಡೆದುಕೊಂಡು ಹೋಗಲು ಅಗಲ ಮಾಡಿದರು. 1950ರ ದಶಕದಲ್ಲಿ ಯುರೇನಿಯಂ ಲಾರಿಗಳಿಗಾಗಿ ಇನ್ನಷ್ಟು ಅಗಲವಾಯಿತು. ಕೆಳಗಿನ ಸುಮಾರು 160 ಕಿಲೋಮೀಟರಿನ ವೈಟ್ ರಿಮ್ ರಸ್ತೆಯೂ ಅಮೆರಿಕದ ಅಣುಶಕ್ತಿ ಆಯೋಗ ಅದೇ ದಶಕದಲ್ಲಿ ಮಾಡಿಸಿದ್ದು.

ಭಾವ ವೈಟ್ ರಿಮ್‌ಗೆ ಒಂದು ದಿನದ ಪರವಾನಗಿ ಮೊದಲೇ ಪಡೆದಿದ್ದರು. ದಿನಕ್ಕೆ ಇಂತಿಷ್ಟೇ ವಾಹನ. ನೋಂದಾಯಿತ ಜೀಪು ಹೋಗಬಹುದು, ಎಟಿವಿಗಳಿಗೂ ಅವುಗಳದೇ ಜಾತಿಯ ಯುಟಿವಿಗಳಿಗೂ ಪಾರ್ಕಿನೊಳಗೆ ಎಲ್ಲೂ ಪ್ರವೇಶವಿಲ್ಲ. 2020ರ ಸೆಪ್ಟೆಂಬರಿನಲ್ಲಿ ಯೂಟಾದ ಪಾರ್ಕುಗಳೊಳಗೆ ಅವನ್ನೂ ಬಿಡಬೇಕೆಂಬ ಸೂಚನೆ ಹೊರಟಿತ್ತು; ಜನರ ವಿರೋಧ ಜೋರಾದಾಗ ಮುಂದಿನ ತಿಂಗಳೇ ಹಿಂದೆ ಪಡೆದರು. ಶೇಫರ್ ತಿರುವುಗಳಲ್ಲಿ ಇಳಿಯುವಾಗ ಅಪ್ಪ ಬಾಗಿಲಿನ ಹಿಡಿ ಬಿಡಲಿಲ್ಲ, ಹೊರಗೆ ನೋಡುವುದನ್ನೂ ಬಿಡಲಿಲ್ಲ. ಕೆಳಗೆ ಮಸಲ್‌ಮನ್ ಕಮಾನಿನ ಹತ್ತಿರ ಇಳಿದು ನಿಂತಾಗ ಅವರ ಮುಖದಲ್ಲಿ ಕಂಡ ಸಂತೋಷಕ್ಕೆ ಆ ಜೀಪೇ ಕಾರಣ. ಆ ವಯಸ್ಸಿನಲ್ಲಿ, ಆ ಬೆನ್ನಿನಲ್ಲಿ, ನಡೆದು ಅವರು ಅಲ್ಲಿಗೆ ಬರುವುದು ಸಾಧ್ಯವೇ ಇರಲಿಲ್ಲ. ಭಾವ ಏನೂ ಹೇಳದೆ ನನ್ನ ಕಡೆ ನೋಡಿದರು. ಇಂಥ ದಾರಿ ಇರಲಿ ಎಂದೆ. ಒಂದೇ ದಾರಿ, ಎಣಿಸಿ ಬಿಡುವ ವಾಹನ, ಅಂಚು ದಾಟಿದರೆ ದಂಡ. ಹೀಗೆ ನಡೆಸಿದರೆ ದಾರಿಯ ಎರಡೂ ಬದಿಯ ಕಪ್ಪು ಮಣ್ಣು ಉಳಿಯುತ್ತದೆ. ಅದು ಉಳಿದಿರುವುದನ್ನು ಆ ದಿನ ಕಣ್ಣಾರೆ ಕಂಡೆವು.

ವಾಪಸಾಗುವಾಗ ಪಾರ್ಕಿನ ಗಡಿ ದಾಟಿ ಬಿಎಲ್‌ಎಂ ನೆಲಕ್ಕೆ ಬಂದಾಗ ನೋಟ ಬೇರೆಯಾಯಿತು. ಹೆದ್ದಾರಿಯಿಂದ ಕವಲೊಡೆದ ಮಣ್ಣಿನ ಜಾಡುಗಳು, ಆ ಜಾಡುಗಳಿಂದ ಮತ್ತೆ ಕವಲುಗಳು. 2023ರ ಸೆಪ್ಟೆಂಬರಿನಲ್ಲಿ ಬಿಎಲ್‌ಎಂ ಈ ಲ್ಯಾಬಿರಿಂತ್ ಕಣಿವೆ, ಜೆಮಿನಿ ಬ್ರಿಡ್ಜಸ್ ಸೀಮೆಯಲ್ಲಿ 317 ಮೈಲಿ ಜಾಡನ್ನು ವಾಹನಗಳಿಗೆ ಮುಚ್ಚಿತು. ಎಂಟುನೂರಕ್ಕೂ ಹೆಚ್ಚು ಮೈಲಿ ತೆರೆದೇ ಇಟ್ಟಿತು. ಆದರೂ ರಾಜ್ಯ ಸರ್ಕಾರ, ವಾಹನ ಸಂಘಗಳು ಅದನ್ನು ಪ್ರಶ್ನಿಸಿದವು.

ಮುಚ್ಚಿದ ಜಾಡೊಂದರ ಬಾಯಿಗೆ ಹೋಗಿ ನೋಡಿದೆವು. ಚಕ್ರ ಕೊರೆದ ಎರಡು ಗೆರೆಗಳ ಉದ್ದಕ್ಕೂ ಯಾರೋ ಮಣ್ಣು ಅಗೆದು ಜೂನಿಪರ್ ಮರದ ಒಣ ಕೊಂಬೆಗಳನ್ನು ನೆಟ್ಟಗೆ ನೆಟ್ಟಿದ್ದರು, ನಡುವೆ ಕಲ್ಲುಗಳನ್ನು ಚೆದುರಿಸಿದ್ದರು. ದೂರದಿಂದ ನೋಡಿದವರಿಗೆ ಅಲ್ಲಿ ದಾರಿಯಿದೆ ಎಂದೇ ಅನಿಸಬಾರದು. ಕೊಂಬೆಯ ನೆರಳಿನಲ್ಲಿ ಬೀಜ ನಿಲ್ಲಬೇಕು, ತೇವ ಉಳಿಯಬೇಕು. ತುಂಬ ತಾಳ್ಮೆಯ ಕೆಲಸ. ಆ ಕೊಂಬೆಗಳ ಸಾಲನ್ನು ಬಳಸಿಕೊಂಡು ಬಲಬದಿಯ ಕಪ್ಪು ಮಣ್ಣಿನ ಮೇಲೆ ಹೊಸದಾಗಿ ಎರಡು ಗೆರೆ. ಟೈರಿನ ಹಲ್ಲುಗಳ ಅಚ್ಚು ಇನ್ನೂ ಚೂಪಾಗಿತ್ತು. ಭಾವ ತುಸು ಹೊತ್ತು ನೋಡಿ, "ಒಬ್ಬನೇ ಹೋಗಿದ್ದಾನೆ" ಎಂದರು. ಅವರಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ಆದರೆ ಒಬ್ಬನೇ ಸಾಕಲ್ಲವೇ? ನಾಳೆ ಬರುವವನಿಗೆ ಇದು ಯಾರೋ ಒಬ್ಬನ ತಪ್ಪಾಗಿ ಕಾಣುವುದಿಲ್ಲ, ದಾರಿಯಾಗಿ ಕಾಣುತ್ತದೆ.

ಭಾನುವಾರ

ಅದೇ ಪಾರ್ಕಿನ ದಕ್ಷಿಣ ಭಾಗ ನೀಡಲ್ಸ್. ಮೋವಾಬ್‌ನಿಂದ ಸುಮಾರು 120 ಕಿಲೋಮೀಟರ್. ದಾರಿಯಲ್ಲಿ ನ್ಯೂಸ್‌ಪೇಪರ್ ರಾಕ್ ಎಂಬ ಬಂಡೆ; ನೂರಾರು ವರ್ಷಗಳಿಂದ ಬೇರೆ ಬೇರೆ ಜನ ಕೊರೆದ ಜಿಂಕೆ, ಪಾದ, ಕುದುರೆ ಸವಾರರ ಚಿತ್ರಗಳು. ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ನನಗೆ ನೋಡಬೇಕಿದ್ದದ್ದು ಸಾಲ್ಟ್ ಕ್ರೀಕ್.

ಎರಡು ದೊಡ್ಡ ನದಿಗಳನ್ನು ಬಿಟ್ಟರೆ ಈ ಪಾರ್ಕಿನಲ್ಲಿ ಬಹುಮಟ್ಟಿಗೆ ವರ್ಷವಿಡೀ ನೀರಿರುವ ಹಳ್ಳ ಇದೊಂದೇ. ಮರುಭೂಮಿಯಲ್ಲಿ ನೀರಿದ್ದಲ್ಲಿ ಎಲ್ಲವೂ ಇರುತ್ತದೆ. ಹಕ್ಕಿ, ಕರಡಿ, ಕಾಟನ್‌ವುಡ್ ಮರ, ಪೂರ್ವಿಕ ಪ್ಯೂಬ್ಲೊ ಎಂಬ ಮೂಲನಿವಾಸಿಗಳ ಕಣಜಗಳು, ಗೋಡೆ ಚಿತ್ರಗಳು. ಕಣಿವೆಯ ಒಳಗೆ ಏಂಜೆಲ್ ಆರ್ಚ್ ಎಂಬ ಹೆಸರಾಂತ ಕಲ್ಲಿನ ಕಮಾನಿದೆ. ಅದನ್ನು ನೋಡಲು ಜೀಪುಗಳು ಹೋಗುತ್ತಿದ್ದ ದಾರಿ ಹಳ್ಳದ ಪಕ್ಕದಲ್ಲಿರಲಿಲ್ಲ, ಹಳ್ಳವೇ ದಾರಿಯಾಗಿತ್ತು. ನೀರಿನೊಳಗೆ ಇಳಿದು, ದಡ ಹತ್ತಿ, ಮತ್ತೆ ಇಳಿದು, ಮೈಲಿಗಟ್ಟಲೆ. ನೀರಿನಲ್ಲಿ ಎಣ್ಣೆ, ಸಿಕ್ಕಿಬಿದ್ದ ಗಾಡಿಗಳು, ಕುಸಿದ ದಡ.

ಸಂರಕ್ಷಣಾ ಸಂಘಟನೆಯೊಂದು ಮೊಕದ್ದಮೆ ಹೂಡಿತು. 1998ರಲ್ಲಿ ಫೆಡರಲ್ (ಕೇಂದ್ರದ) ನ್ಯಾಯಾಲಯ ಕಣಿವೆಯ ಮೇಲ್ಭಾಗಕ್ಕೆ ವಾಹನ ತಡೆಯಿತು. 2004ರಲ್ಲಿ ಪಾರ್ಕ್ ಇಲಾಖೆಯೇ ನಿಯಮ ಮಾಡಿ ಮುಚ್ಚಿತು. ಆಗ ಕೌಂಟಿ ಮತ್ತು ರಾಜ್ಯ ಸರ್ಕಾರ 1866ರ ಕಾನೂನೊಂದನ್ನು ಹಿಡಿದು ಬಂದವು. ಪಶ್ಚಿಮದ ನೆಲಕ್ಕೆ ಜನರನ್ನು ತುಂಬಿಸಬೇಕಿದ್ದ ಕಾಲದಲ್ಲಿ, ಸಾರ್ವಜನಿಕ ನೆಲದ ಮೇಲೆ ಹೆದ್ದಾರಿ ಮಾಡಿಕೊಳ್ಳುವ ಹಕ್ಕನ್ನು ಕೊಟ್ಟಿದ್ದೇವೆ ಎಂದು ಒಂದೇ ವಾಕ್ಯದಲ್ಲಿ ಬರೆದಿಟ್ಟ ಕಾನೂನು. 1976ರಲ್ಲಿ ಅದನ್ನು ರದ್ದು ಮಾಡಿದರು, ಆದರೆ ಅಷ್ಟರೊಳಗೆ ಹುಟ್ಟಿದ್ದ ಹಕ್ಕುಗಳನ್ನು ಉಳಿಸಿದರು. ಹೀಗಾಗಿ ಈಗಲೂ ಹಳೆಯ ಜಾಡು ತೋರಿಸಿ, ಇದರಲ್ಲಿ ಜನ ಓಡಾಡುತ್ತಿದ್ದರು, ಆದ್ದರಿಂದ ಇದು ಹೆದ್ದಾರಿ, ಆದ್ದರಿಂದ ನಮ್ಮದು ಎನ್ನಬಹುದು. ಯೂಟಾ ರಾಜ್ಯ ಹೀಗೆ ಹಕ್ಕು ಸಾಧಿಸಿ ಕೋರ್ಟಿಗೆ ಹೋಗಿರುವ ದಾರಿಗಳು 12 ಸಾವಿರಕ್ಕೂ ಹೆಚ್ಚು. ಅವುಗಳಲ್ಲಿ ಎಷ್ಟೋ ಬುಲ್ಡೋಜರ್ ಒಮ್ಮೆ ಹೋಗಿ ಬಿಟ್ಟ ಗೆರೆಗಳು.

ಜೀಪಿನ ಹಿಂದಿನ ಸೀಟಿನಲ್ಲಿ ಕೂತು ಇದನ್ನೆಲ್ಲ ಕೇಳುತ್ತಿದ್ದ ಅಪ್ಪ, "ಇದು ನಮ್ಮ ಬಗರ್‌ಹುಕುಂ ಅಲ್ಲವೇನಮ್ಮ?" ಎಂದರು. ಹೌದು. ಮೊದಲು ಸೊಪ್ಪಿನ ಬೆಟ್ಟಕ್ಕೆ ಹೊರೆ ತರುವ ಕಾಲುದಾರಿ, ಆಮೇಲೆ ಗಾಡಿ ಹೋಗುವಷ್ಟು ಅಗಲ, ಆಮೇಲೆ ಪಕ್ಕದಲ್ಲಿ ನಾಲ್ಕು ಅಡಿಕೆ ಸಸಿ, ಕೊನೆಗೆ ಸಕ್ರಮಕ್ಕೆ ಅರ್ಜಿ. ಮಲೆನಾಡಿನಲ್ಲಿ ಹುಟ್ಟಿ ಬೆಳೆದವರಿಗೆ ಈ ಮೆಟ್ಟಿಲುಗಳನ್ನು ವಿವರಿಸಬೇಕಿಲ್ಲ. ವ್ಯತ್ಯಾಸವಿರುವುದು ಒಂದು ಕಡೆ: ಬಗರ್‌ಹುಕುಂ ಮಾಡಿದವರಲ್ಲಿ ಬಹಳ ಜನಕ್ಕೆ ಉಣ್ಣಲು ಬೇರೆ ನೆಲ ಇರಲಿಲ್ಲ.

ಸಾಲ್ಟ್ ಕ್ರೀಕ್ ಮೊಕದ್ದಮೆ 2014ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಮುಗಿಯಿತು. ದನಗಾಹಿಗಳು, ಯುರೇನಿಯಂ ಹುಡುಕುವವರು ಆಗೊಮ್ಮೆ ಈಗೊಮ್ಮೆ ಹೋಗಿಬಂದದ್ದು ಸಾಲದು. ಪಾರ್ಕ್ ಆಗುವ ಮುನ್ನ ಹತ್ತು ವರ್ಷ ಎಡೆಬಿಡದೆ ಸಾರ್ವಜನಿಕರು ಬಳಸಿದ್ದು ಸಾಬೀತಾಗಿಲ್ಲ ಎಂದು ಕೌಂಟಿಯ ವಾದ ತಳ್ಳಿಹಾಕಿತು. ಮೇಲ್ಭಾಗ ಮುಚ್ಚಿಯೇ ಇದೆ.

ನಾವು ಗೇಟಿನ ಬಳಿ ಜೀಪು ನಿಲ್ಲಿಸಿ ಮರಳಿನ ಪಾತ್ರದಲ್ಲಿ ಸ್ವಲ್ಪ ದೂರ ನಡೆದೆವು. ಕಾಟನ್‌ವುಡ್ ಎಲೆಗಳು ಪೂರ್ತಿ ಹಳದಿಯಾಗಿದ್ದವು. ಏಂಜೆಲ್ ಆರ್ಚ್‌ಗೆ ಅಲ್ಲಿಂದ ಒಂದು ದಿನದಲ್ಲಿ ಹೋಗಿಬರುವುದು ಗಟ್ಟಿ ಕಾಲಿನವರಿಗೂ ಕಷ್ಟ. ಹಳ್ಳದ ಬದಿಯ ಬಂಡೆಯ ಮೇಲೆ ಕೂತ ಅಪ್ಪ, "ನನಗೆ ಆ ಕಮಾನು ನೋಡುವ ಆಸೆ ಇತ್ತು" ಎಂದರು. ಸಮಾಧಾನ ಹೇಳಲು ನನ್ನಲ್ಲಿ ಏನೂ ಇರಲಿಲ್ಲ. ಮುಚ್ಚಿ ಎನ್ನುವವರು ಈ ನಷ್ಟವನ್ನು ಸಣ್ಣದು ಮಾಡಿ ಹೇಳಬಾರದು. ಮುದುಕರಿಗೆ, ಅಂಗವಿಕಲರಿಗೆ, ಚಿಕ್ಕ ಮಕ್ಕಳಿರುವವರಿಗೆ ಕೆಲವು ಜಾಗಗಳು ಸಿಗುವುದೇ ಇಲ್ಲ. ವೈಟ್ ರಿಮ್‌ನಂಥ ದಾರಿಗಳು ತೆರೆದಿರಲಿ ಎಂದು ನಾನು ಹೇಳುವುದು ಇದಕ್ಕಾಗಿಯೇ. ಆದರೆ ಮರುಭೂಮಿಯ ಒಂದೇ ಹಳ್ಳವನ್ನು ರಸ್ತೆ ಮಾಡಿಕೊಂಡು ಆ ನಷ್ಟ ತುಂಬಲಾಗದು. ತುಂಬಿದರೆ ನೋಡಲು ಬಂದದ್ದೇ ಅಲ್ಲಿ ಉಳಿಯುವುದಿಲ್ಲ.

ಸೋಮವಾರ

ಊರಿಗೆ ಮರಳುವಾಗ ಸುತ್ತುದಾರಿ ಹಿಡಿದು ಹ್ಯಾಂಕ್ಸ್‌ವಿಲ್ ಮೂಲಕ ಫ್ಯಾಕ್ಟರಿ ಬ್ಯೂಟ್‌ಗೆ ಹೋದೆವು. ಕೆಂಪು ಇಲ್ಲಿ ಮುಗಿಯುತ್ತದೆ. ಮ್ಯಾಂಕೋಸ್ ಶೇಲ್ ಎಂಬ ಬೂದುಬಣ್ಣದ ಮೆತ್ತನೆಯ ಪದರದ ಬಯಲು. ನಡುವೆ ಒಂಟಿಯಾಗಿ ಎದ್ದ ದೊಡ್ಡ ಗುಡ್ಡ. ಬಯಲಿನ ಮೇಲೆ ಗೆರೆಗಳು ಒಂದನ್ನೊಂದು ದಾಟುತ್ತ, ಸುತ್ತುತ್ತ, ದಿಬ್ಬಗಳ ನೆತ್ತಿಯವರೆಗೆ ಹೋಗಿದ್ದವು. ಇಲ್ಲಿ ಗುರುತು ಹಾಕಿದ ದಾರಿ ಹಿಡಿಯಬೇಕೆಂಬ ಕಟ್ಟಳೆಯೇ ಇಲ್ಲ.

ಈ ಮಣ್ಣಿನಲ್ಲಿ ವಿಂಕ್ಲರ್ ಕಳ್ಳಿ, ರೈಟ್ ಕಳ್ಳಿ ಎಂಬ ಎರಡು ಪುಟ್ಟ ಗಿಡಗಳು ಬೆಳೆಯುತ್ತವೆ. ಎರಡಕ್ಕೂ ಅಳಿವಿನ ಭೀತಿಯ ಜೀವಿಗಳ ಕಾನೂನಿನ ರಕ್ಷಣೆಯಿದೆ. ವಿಂಕ್ಲರ್ ಕಳ್ಳಿ ಒಣ ತಿಂಗಳುಗಳಲ್ಲಿ ಸಂಕುಚಿಸಿ ಮಣ್ಣಿನೊಳಗೆ ಇಳಿದುಬಿಡುತ್ತದೆ; ವಸಂತದಲ್ಲಿ ಮಾತ್ರ ತಲೆ ಎತ್ತಿ ಹೂ ಬಿಡುತ್ತದೆ. ಎಷ್ಟೇ ಎಚ್ಚರದ ಚಾಲಕನಾದರೂ ನೆಲದೊಳಗಿರುವ ಗಿಡವನ್ನು ತಪ್ಪಿಸುವುದು ಹೇಗೆ? ಭಾವ ಇದಕ್ಕೆ ಉತ್ತರ ಹುಡುಕಲಿಲ್ಲ. ಜೀಪನ್ನು ಡಾಂಬರು ರಸ್ತೆಯ ಅಂಚಿನಲ್ಲೇ ನಿಲ್ಲಿಸಿಕೊಂಡರು.

ಈ ಬಯಲಿನ ಮೇಲೆ ಕಣ್ಣಿಡಬೇಕೆಂದು ಬಿಎಲ್‌ಎಂ ತನ್ನ ಯೋಜನೆಯಲ್ಲೇ ಬರೆದುಕೊಂಡಿತ್ತು. ಬರೆದಂತೆ ಮಾಡಿ ಎಂದು ಸಂರಕ್ಷಣಾವಾದಿಗಳು ಹೂಡಿದ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಯೋಜನೆಯಲ್ಲಿ ಬರೆದದ್ದೆಲ್ಲ ಕಟ್ಟುವ ಕರ್ತವ್ಯವಲ್ಲ, ಕೋರ್ಟು ಅದನ್ನು ಹೇರಲಾಗದು ಎಂದು 2004ರಲ್ಲಿ ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. 2006ರಲ್ಲಿ ಕಳ್ಳಿಗಳಿಗಾಗಿ ಬಿಎಲ್‌ಎಂ 1.42 ಲಕ್ಷ ಎಕರೆಯಲ್ಲಿ ಮನಬಂದಂತೆ ಓಡಿಸುವುದನ್ನು ತಡೆಯಿತು. 2019ರ ಮೇ ತಿಂಗಳಲ್ಲಿ ಅದರಲ್ಲಿ 5,400 ಎಕರೆಯನ್ನು ಮತ್ತೆ ತೆರೆಯಿತು. ಪಕ್ಕದಲ್ಲೇ ಸ್ವಿಂಗ್ ಆರ್ಮ್ ಸಿಟಿ ಎಂಬ ಆಟದ ಬಯಲು ಮೊದಲಿನಿಂದಲೂ ತೆರೆದಿರುವಾಗ ಇದು ಯಾಕೆ ಬೇಕಿತ್ತು ಎಂದು ನನಗೆ ಇನ್ನೂ ಅರ್ಥವಾಗಿಲ್ಲ.

ಕ್ಯಾಪಿಟಲ್ ರೀಫ್ ದಾಟಿ ಟೋರಿಯಲ್ಲಿ ಊಟಕ್ಕೆ ಕೂತಾಗ ಭಾವ ಹೇಳಿದರು: "ಸ್ವಿಂಗ್ ಆರ್ಮ್ ಸಿಟಿಯನ್ನು ಮುಚ್ಚಿ ಎನ್ನಬೇಡ. ಹುಡುಗರಿಗೆ ಎಲ್ಲೋ ಒಂದು ಕಡೆ ಜಾಗ ಬೇಕು." ನಾನು ಒಪ್ಪಿದೆ, ಆ ದಿಬ್ಬಗಳು ಈಗಾಗಲೇ ಸವೆದಿವೆ. ನೆಟ್ಟ ಕೊಂಬೆಗಳನ್ನು ಬಳಸಿಕೊಂಡು ಹೋದವನಿಗೆ ಏನು ಮಾಡಬೇಕೆಂಬುದರಲ್ಲೂ ನಮ್ಮಿಬ್ಬರಿಗೆ ಭಿನ್ನಾಭಿಪ್ರಾಯವಿರಲಿಲ್ಲ: ದಂಡ ಹಾಕಬೇಕು, ಗಾಡಿ ಹಿಡಿದಿಟ್ಟುಕೊಳ್ಳಬೇಕು. ಆದರೆ 317 ಮೈಲಿ ಮುಚ್ಚಿದ್ದು ಅತಿಯಾಯಿತು ಎಂಬ ಅವರ ಮಾತನ್ನು ನಾನು ಒಪ್ಪಲಿಲ್ಲ. ತೆರೆದ ದಾರಿಗೆ ಕಾರಣ ಕೇಳಬೇಕು, ಮುಚ್ಚಿದ ದಾರಿಗಲ್ಲ ಎಂಬ ನನ್ನ ಮಾತನ್ನು ಅವರು ಒಪ್ಪಲಿಲ್ಲ.

ಬಿಎಲ್‌ಎಂ ವಾಹನ ಸಂಚಾರದ ಯೋಜನೆ ಮಾಡುವಾಗ ಸಾರ್ವಜನಿಕರ ಅಭಿಪ್ರಾಯ ಕೇಳುತ್ತದೆ; ಯಾರು ಬೇಕಾದರೂ ಬರೆಯಬಹುದು. ಭಾವ ತಮ್ಮದನ್ನು ಬರೆಯುತ್ತಾರೆ. ನಾನು ನನ್ನದನ್ನು ಬರೆಯುತ್ತೇನೆ: ವೈಟ್ ರಿಮ್ ತೆರೆದಿರಲಿ, ಹರಿಯುವ ನೀರಿನಲ್ಲಿ ಚಕ್ರ ಬೇಡ, ಮುಚ್ಚಿದ ಜಾಡಿಗೆ ಕೊಂಬೆ ನೆಡುವ ಕೆಲಸಕ್ಕೆ ಹೆಚ್ಚು ಹಣ ಮತ್ತು ಕಾವಲು ಕೊಡಿ, ಫ್ಯಾಕ್ಟರಿ ಬ್ಯೂಟಿನ ಆ 5,400 ಎಕರೆಯನ್ನು ಮತ್ತೆ ಮುಚ್ಚಿ.